ಎಚ್‌ಐವಿ ಇರುವ ಪುರುಷರು ಎಚ್‌ಪಿವಿ ತಪಾಸಣೆ ಮಾಡಿಸಿಕೊಳ್ಳುವುದು ಹೇಗೆ?

ಎಚ್‌ಪಿವಿ (ಲೈಂಗಿಕ ಸಂಪರ್ಕದಿಂದ ಹರಡುವ ಹ್ಯೂಮನ್ ಪ್ಯಾಪಿಲೋಮಾ ವೈರಾಣು) ಎಂದೊಡನೆ ಗರ್ಭಕಂಠದ ಕ್ಯಾನ್ಸರ್ ನೆನಪಾಗುವುದರಿಂದ, ಅದು ಹೆಂಗಸರಿಗಷ್ಟೇ ಸಂಬಂಧಿಸಿದ್ದೆಂದು ಅನೇಕ ಗಂಡಸರು ನಂಬಿದ್ದಾರೆ. ಆದರೆ ಗುದದ್ವಾರದ ಕ್ಯಾನ್ಸರ್‌ಗಳಲ್ಲಿ ಸುಮಾರು ಶೇ 90ರಷ್ಟಕ್ಕೆ ಇದೇ ವೈರಾಣು, ಮುಖ್ಯವಾಗಿ ಅದರ 16ನೇ ತಳಿ, ಕಾರಣ. ಎಚ್‌ಐವಿಯಿಂದ ರೋಗನಿರೋಧಕ ಶಕ್ತಿ ಕುಂದಿದ ದೇಹಕ್ಕೆ ಈ ಸೋಂಕನ್ನು ತಾನಾಗಿಯೇ ಹೊರಹಾಕುವುದು ಕಷ್ಟ.

ಮೊದಲನೆಯದಾಗಿ, ಎಚ್‌ಐವಿಯನ್ನು ಹತೋಟಿಯಲ್ಲಿಡುವ ಎಆರ್‌ಟಿ ಮಾತ್ರೆಗಳನ್ನು ಒಂದು ದಿನವೂ ತಪ್ಪಿಸಬೇಡಿ. ಆದರೆ ವೈರಲ್ ಲೋಡ್ (ರಕ್ತದಲ್ಲಿರುವ ಎಚ್‌ಐವಿ ಪ್ರಮಾಣ) ಪತ್ತೆಯಾಗದ ಮಟ್ಟಕ್ಕೆ ಇಳಿದಿದ್ದರೂ, ಹಿಂದೊಮ್ಮೆ ರೋಗನಿರೋಧಕ ಶಕ್ತಿಯನ್ನು ಸೂಚಿಸುವ ಸಿಡಿ4 ಕೋಶಗಳ ಸಂಖ್ಯೆ ಬಹಳ ಕುಸಿದಿದ್ದವರಲ್ಲಿ ಅಪಾಯ ಉಳಿದಿರುತ್ತದೆ. ಧೂಮಪಾನ ಅದನ್ನು ಇನ್ನಷ್ಟು ಹೆಚ್ಚಿಸುತ್ತದೆ.

ಎರಡನೆಯ ಹೆಜ್ಜೆಯೇ ಎಲ್ಲಕ್ಕಿಂತ ಕಠಿಣ: ವೈದ್ಯರೆದುರು ಬಾಯಿಬಿಟ್ಟು ಹೇಳುವುದು. ಗುದದ್ವಾರದಲ್ಲಿ ರಕ್ತ, ನೋವು, ತುರಿಕೆ, ಗಂಟು ಅಥವಾ ನರಹುಲಿ ಕಂಡರೆ ಮೂಲವ್ಯಾಧಿ ಇರಬೇಕೆಂದು ತಾವೇ ತೀರ್ಮಾನಿಸಿ ಅಂಗಡಿಯ ಮುಲಾಮು ಹಚ್ಚುತ್ತಾ ತಿಂಗಳುಗಟ್ಟಲೆ ಕಳೆಯುವುದು ನಮ್ಮಲ್ಲಿ ತೀರಾ ಸಾಮಾನ್ಯ. ಈ ವಿಳಂಬವೇ ನನ್ನನ್ನು ಹೆಚ್ಚು ಕಳವಳಕ್ಕೀಡುಮಾಡುತ್ತದೆ. ನಿಮ್ಮ ಸ್ಥಿತಿಯನ್ನು ಗೋಪ್ಯವಾಗಿಡುವುದು 2017ರ ಎಚ್‌ಐವಿ ಕಾಯ್ದೆಯ ಪ್ರಕಾರ ಆಸ್ಪತ್ರೆಯ ಹೊಣೆ.

ಲಕ್ಷಣಗಳಿಲ್ಲದಿದ್ದರೂ, ಪುರುಷರೊಂದಿಗೆ ಲೈಂಗಿಕ ಸಂಪರ್ಕವಿರುವವರು 35ನೇ ವಯಸ್ಸಿನಿಂದ, ಉಳಿದವರು 45ರಿಂದ ತಪಾಸಣೆ ಆರಂಭಿಸಬೇಕೆಂಬುದು ಅಂತರರಾಷ್ಟ್ರೀಯ ತಜ್ಞರ ಸಲಹೆ. ವೈದ್ಯರು ಕೈಗವಸು ತೊಟ್ಟ ಬೆರಳಿನಿಂದ ಒಳಭಾಗವನ್ನು ಮುಟ್ಟಿ ನೋಡುವ ಪರೀಕ್ಷೆಗೆ ಕೆಲವೇ ನಿಮಿಷ ಸಾಕು, ಯಂತ್ರವೂ ಬೇಡ. ಸೌಲಭ್ಯವಿರುವ ಕಡೆ ಸ್ವಾಬ್‌ನಿಂದ ಜೀವಕೋಶಗಳನ್ನು ತೆಗೆದು ಪರೀಕ್ಷಿಸುತ್ತಾರೆ. ಅನುಮಾನವಿದ್ದರೆ ಅಸಿಟಿಕ್ ಆಮ್ಲ ಲೇಪಿಸಿ, ಭೂತಗನ್ನಡಿಯಂಥ ಉಪಕರಣದಿಂದ ನೋಡಿ ಬಯಾಪ್ಸಿಗೆ ತುಣುಕು ತೆಗೆಯುತ್ತಾರೆ. ಕ್ಯಾನ್ಸರ್‌ಪೂರ್ವ ಗಾಯಗಳನ್ನು ಕಾಯುತ್ತಾ ಕೂರದೆ ಚಿಕಿತ್ಸೆ ನೀಡಿದಾಗ ಕ್ಯಾನ್ಸರ್ ಶೇ 57ರಷ್ಟು ಕಡಿಮೆಯಾಯಿತೆಂದು, ಎಚ್‌ಐವಿ ಇರುವ 4,400ಕ್ಕೂ ಹೆಚ್ಚು ಜನರ ಮೇಲೆ ಅಮೆರಿಕದಲ್ಲಿ ನಡೆದ ಆ್ಯಂಕರ್ ಅಧ್ಯಯನ 2022ರಲ್ಲಿ ತೋರಿಸಿತು.

ಇನ್ನು ಲಸಿಕೆ. ಭಾರತದಲ್ಲೇ ತಯಾರಾಗುವ ಎಚ್‌ಪಿವಿ ಲಸಿಕೆ ಸರ್ವಾವ್ಯಾಕ್ 9ರಿಂದ 26 ವರ್ಷದ ಗಂಡುಮಕ್ಕಳಿಗೂ ಅನುಮೋದಿತವಾಗಿದೆ. ಇದರಲ್ಲಿ ಜೀವಂತ ವೈರಾಣು ಇರುವುದಿಲ್ಲವಾದ್ದರಿಂದ ಎಚ್‌ಐವಿ ಇರುವವರು ಹೆದರಬೇಕಿಲ್ಲ. ಅವರಿಗೆ ಯಾವ ವಯಸ್ಸಿನಲ್ಲೂ ಮೂರು ಡೋಸ್ ಬೇಕು: ಮೊದಲನೆಯದರ ನಂತರ 2ನೇ ಮತ್ತು 6ನೇ ತಿಂಗಳಲ್ಲಿ. ಈಗಾಗಲೇ ತಗುಲಿದ ಸೋಂಕನ್ನು ಲಸಿಕೆ ವಾಸಿಮಾಡದು. ಆದ್ದರಿಂದ ಲಸಿಕೆ ಪಡೆದವರೂ ತಪಾಸಣೆ ಬಿಡುವಂತಿಲ್ಲ. ಕಾಂಡೋಮ್ ಅಪಾಯವನ್ನು ತಗ್ಗಿಸುತ್ತದೆಯಾದರೂ, ಅದು ಮುಚ್ಚದ ಚರ್ಮದ ಸ್ಪರ್ಶದಿಂದಲೂ ಎಚ್‌ಪಿವಿ ಹರಡಬಲ್ಲದು.