ಅಪ್‌ಡೇಟ್ ಕಿತ್ತುಕೊಂಡ ಆಟವನ್ನು ವಾಪಸ್ ಪಡೆಯುವುದು: ಸೆವೆನ್ ಡೇಸ್ ಟು ಡೈ ಸರ್ವರ್, ನನ್ನ ಅನುಭವ

ಜಾಂಬಿಗಳ ನಡುವೆ ಬದುಕುಳಿಯುವ ಕಂಪ್ಯೂಟರ್ ಆಟವಾದ ಸೆವೆನ್ ಡೇಸ್ ಟು ಡೈ ಆಡುವವರಲ್ಲಿ ಯಾರನ್ನು ಕೇಳಿದರೂ ದೂರು ಒಂದೇ. ಕೈ ಪಳಗುವ ಹೊತ್ತಿಗೆ ಡೆವಲಪರ್‌ಗಳು ಆಟವನ್ನು ಬಿಚ್ಚಿ ಬೇರೆ ಥರ ಕಟ್ಟಿರುತ್ತಾರೆ. 2013ರ ಡಿಸೆಂಬರ್‌ನಲ್ಲಿ ಸ್ಟೀಮ್ ಎಂಬ ಆನ್‌ಲೈನ್ ಆಟದಂಗಡಿಯಲ್ಲಿ ಅರ್ಲಿ ಆಕ್ಸೆಸ್ (ಪೂರ್ತಿಯಾಗುವ ಮುನ್ನವೇ ಮಾರಾಟ) ಆಗಿ ಬಂದದ್ದು 1.0, ಅಂದರೆ ಪೂರ್ಣ ಆವೃತ್ತಿ, ಅನ್ನಿಸಿಕೊಂಡದ್ದು 2024ರ ಜುಲೈನಲ್ಲಿ. ಈ ನಡುವೆ, ಕೊಡಲಿ ಬೀಸುತ್ತಾ ಬೀಸುತ್ತಾ ಕೊಡಲಿ ಕೆಲಸ ಕಲಿಯುವ ಪದ್ಧತಿ ಆಲ್ಫಾ 17 ಎಂಬ ಆವೃತ್ತಿಯಲ್ಲಿ ಹೋಯಿತು. 2023ರ ಜೂನ್‌ನಲ್ಲಿ ಬಂದ ಆಲ್ಫಾ 21 ಗಾಜಿನ ಜಾರ್‌ಗಳನ್ನು ತೆಗೆದುಹಾಕಿ, ಏನು ತಯಾರಿಸಬೇಕೆಂದರೂ ಮ್ಯಾಗಜೀನ್ ಹುಡುಕಿ ಓದುವಂತೆ ಮಾಡಿತು. 1.0ರಲ್ಲಿ ಒಂದರ ಮೇಲೊಂದು ತೊಡುತ್ತಿದ್ದ ಬಟ್ಟೆಗಳ ಜಾಗಕ್ಕೆ ಆರ್ಮರ್ ಸೆಟ್ ಬಂತು. 2025ರ 2.0ರಲ್ಲಿ ಮರುಭೂಮಿಯಲ್ಲೋ ಹಿಮದಲ್ಲೋ ಅಪಾಯವಿಲ್ಲದೆ ಓಡಾಡಬೇಕಾದರೆ ಮೊದಲು ಚಾಲೆಂಜ್ ಮುಗಿಸಿ ಬ್ಯಾಡ್ಜ್ ಗಳಿಸಬೇಕಾಯಿತು.

ಈ ಸಿಟ್ಟು ನ್ಯಾಯವಾದದ್ದೇ. ಆದರೆ ಈ ಆಟದ ಮಟ್ಟಿಗೆ ಆಟಗಾರನ ಕೈಯಲ್ಲಿ ಬಹಳ ಇದೆ. ವಸ್ತು, ರೆಸಿಪಿ, ಲೂಟ್ (ಹುಡುಕಿದಾಗ ಸಿಗುವ ಸಾಮಾನು), ಕೌಶಲ ಎಲ್ಲವೂ ಡೇಟಾ ಫೋಲ್ಡರ್‌ನೊಳಗಿನ ಕಾನ್ಫಿಗ್ ಫೋಲ್ಡರ್‌ನಲ್ಲಿ ಮಾಮೂಲಿ ಎಕ್ಸ್‌ಎಂಎಲ್ ಫೈಲ್‌ಗಳಾಗಿ ಬಿದ್ದಿವೆ. ಯಾವುದನ್ನು ವಾಪಸ್ ತರಬಹುದು, ಯಾವುದು ಹೋಗಿದ್ದು ಹೋದಂತೆಯೇ ಎಂಬುದು ಗೊತ್ತಿದ್ದರೆ ಅರ್ಧ ಸಿಟ್ಟು ಕೆಲಸಕ್ಕೆ ತಿರುಗುತ್ತದೆ. ಬಸವನಗುಡಿ, ರಾಜಾಜಿನಗರ, ವೈಟ್‌ಫೀಲ್ಡ್ ಎಂದು ಬೆಂಗಳೂರಿನ ಮೂಲೆಮೂಲೆಯಲ್ಲಿರುವ ನಮ್ಮ ಗುಂಪು 21.2 ಆವೃತ್ತಿಯನ್ನು ಹಿಡಿದಿಟ್ಟುಕೊಂಡು, ಬೇಕಾದ್ದನ್ನು ಮಾತ್ರ ಬದಲಿಸಿಕೊಂಡು ಆಡುತ್ತದೆ. ಅದರ ಕ್ರಮ ಇಲ್ಲಿದೆ.

ಮೊದಲು ಆವೃತ್ತಿಗೆ ಬೀಗ ಹಾಕಬೇಕು. ಸ್ಟೀಮ್ ಲೈಬ್ರರಿಯಲ್ಲಿ ಆಟದ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್, ಅದರಲ್ಲಿ ಬೀಟಾಸ್. ಅಲ್ಲಿನ ಪಟ್ಟಿಯಲ್ಲಿ ಹಳೆಯ ಆಲ್ಫಾಗಳು ಹೆಸರು ಸಮೇತ ಇವೆ. ಆಲ್ಫಾ 21.2 ಆರಿಸಿದರೆ ಆ ಆವೃತ್ತಿಯೇ ಇಳಿಯುತ್ತದೆ, ಹೊಸ ಅಪ್‌ಡೇಟ್ ಅದನ್ನು ಮುಟ್ಟುವುದಿಲ್ಲ. ಇಷ್ಟು ಸಾಲದು. ಹೊಸ ಆವೃತ್ತಿಯನ್ನೂ ನೋಡುವ ಆಸೆ ಇದ್ದರೆ ಹಳೆಯ ಆಟದ ಫೋಲ್ಡರನ್ನು ಇನ್ನೊಂದು ಡ್ರೈವ್‌ಗೆ ನಕಲು ಮಾಡಿಕೊಳ್ಳಿ. ಸ್ಟೀಮ್ ಓಡುತ್ತಿದ್ದರೆ ಸಾಕು, ಆ ಫೋಲ್ಡರ್‌ನಿಂದಲೇ ಆಟ ಶುರುವಾಗುತ್ತದೆ.

ಎಡವಟ್ಟಾಗುವುದು ಸೇವ್ ಫೈಲ್‌ಗಳಲ್ಲಿ. ಆಟದ ಫೋಲ್ಡರ್ ಎರಡಿದ್ದರೂ ಸೇವ್‌ಗಳು, ತಯಾರಾದ ಮ್ಯಾಪ್‌ಗಳು ವಿಂಡೋಸ್‌ನ ಆಪ್‌ಡೇಟಾ ಒಳಗೆ ಒಂದೇ ಜಾಗದಲ್ಲಿ ಕೂರುತ್ತವೆ. ಹಳೆಯ ಜಗತ್ತನ್ನು ಹೊಸ ಆವೃತ್ತಿಯಲ್ಲಿ ಗೊತ್ತಿಲ್ಲದೆ ತೆರೆದರೆ ಅದು ಕೆಡುತ್ತದೆ. ಆಲ್ಫಾದಿಂದ ಆಲ್ಫಾಗೆ ಜಗತ್ತು ದಾಟುವುದಿಲ್ಲ. ಇದಕ್ಕೆ ಪರಿಹಾರ, ಆಟ ಶುರುಮಾಡುವ ಶಾರ್ಟ್‌ಕಟ್‌ನಲ್ಲಿ ಯೂಸರ್‌ಡೇಟಾಫೋಲ್ಡರ್ ಎಂಬ ಲಾಂಚ್ ಆಪ್ಷನ್ ಕೊಟ್ಟು ಪ್ರತಿ ಆವೃತ್ತಿಗೂ ಬೇರೆಯೇ ಫೋಲ್ಡರ್ ತೋರಿಸುವುದು. ಲಾಂಚರ್‌ನ ಟೂಲ್ಸ್‌ನಲ್ಲಿರುವ ಕ್ಲೀನ್ ಗೇಮ್ ಡೇಟಾ ಬಟನ್ ಒತ್ತುವ ಮುನ್ನ ಯಾವ ಯಾವ ಚೌಕಕ್ಕೆ ಟಿಕ್ ಇದೆ ನೋಡಿ. ಸೇವ್‌ಗೂ ಟಿಕ್ ಇದ್ದರೆ ತಿಂಗಳುಗಟ್ಟಲೆ ಕಟ್ಟಿದ ಕೋಟೆ ಒಂದೇ ಒತ್ತಿಗೆ ಹೋಗುತ್ತದೆ.

ಸರ್ವರ್‌ಗೂ ಇದೇ ಬೀಗ ಬೇಕು. ಆಟದ ಜಗತ್ತನ್ನು ನಡೆಸುವ ಪ್ರತ್ಯೇಕ ಪ್ರೋಗ್ರಾಂ ಆದ ಡೆಡಿಕೇಟೆಡ್ ಸರ್ವರ್‌ನ ಸ್ಟೀಮ್ ಐಡಿ 294420. ಸ್ಟೀಮ್‌ಸಿಎಂಡಿ (ಸ್ಟೀಮ್‌ನ ಆದೇಶ ಬರೆದು ನಡೆಸುವ ರೂಪ) ಮೂಲಕ ಇಳಿಸುವಾಗ ಬೀಟಾ ಎಂಬ ಆಯ್ಕೆಯ ಜೊತೆ ಆಲ್ಫಾ 21.2 ಎಂದು ಆವೃತ್ತಿಯ ಹೆಸರು ಕೊಡಬೇಕು. ಬಹಳ ಮಂದಿ ಪ್ರತಿ ಸಲ ಸರ್ವರ್ ಏಳುವಾಗ ಅಪ್‌ಡೇಟ್ ಆಗುವಂತೆ ಸ್ಕ್ರಿಪ್ಟ್ ಬರೆದಿರುತ್ತಾರೆ. ಅದರಲ್ಲಿ ಬೀಟಾ ಹೆಸರು ಬಿಟ್ಟುಹೋದರೆ ರಾತ್ರೋರಾತ್ರಿ ಸರ್ವರ್ ಹೊಸ ಆವೃತ್ತಿಗೆ ಹಾರಿ, ಬೆಳಿಗ್ಗೆ ಯಾರಿಗೂ ಒಳಗೆ ಬರಲು ಆಗುವುದಿಲ್ಲ. ಅಪ್‌ಡೇಟ್ ಮಾಡುವ ಸಾಲನ್ನೇ ಸ್ಕ್ರಿಪ್ಟ್‌ನಿಂದ ತೆಗೆದುಬಿಡುವುದು ಕ್ಷೇಮ.

ಇನ್ನು ಜಾರ್ ವಿಷಯ. 21 ಬಂದಾಗ ಹೆಚ್ಚು ಗಲಾಟೆ ಆದದ್ದು ಇದಕ್ಕೇ. ಕೆರೆ ಎದುರಿಗಿದೆ, ಬಾಗಿ ಕುಡಿಯಬಹುದು, ಆದರೆ ಒಂದು ಹನಿ ತುಂಬಿಕೊಂಡು ಬರುವಂತಿಲ್ಲ. ನೀರು ಬೇಕೆಂದರೆ ಲೂಟ್‌ನಲ್ಲಿ ಸಿಗಬೇಕು, ಇಲ್ಲವೇ ಡ್ಯೂ ಕಲೆಕ್ಟರ್ (ಇಬ್ಬನಿ ಹಿಡಿದು ನೀರು ಮಾಡುವ ಸಾಧನ) ಕಟ್ಟಬೇಕು. ಡೆವಲಪರ್‌ಗಳ ವಾದದಲ್ಲಿ ಹುರುಳಿಲ್ಲದೆ ಇಲ್ಲ. ಅದಕ್ಕೂ ಹಿಂದಿನ ಆವೃತ್ತಿಗಳಲ್ಲಿ ಮೊದಲ ದಿನವೇ ಜಾರ್ ರಾಶಿ ಬಿದ್ದು ಬಾಯಾರಿಕೆ ಎಂಬುದೇ ಇರುತ್ತಿರಲಿಲ್ಲ. ಹಾಗಾಗಿ ಜಾರ್ ವಾಪಸ್ ತಂದರೂ ಅದಕ್ಕೊಂದು ಬೆಲೆ ಇರಬೇಕು ಎಂಬುದು ನಮ್ಮ ತೀರ್ಮಾನ.

ಮೂಲ ಫೈಲ್‌ಗಳನ್ನು ತಿದ್ದಬೇಡಿ. ಮಾಡ್ಸ್ (ಆಟಕ್ಕೆ ನಾವೇ ಮಾಡುವ ಬದಲಾವಣೆಗಳ) ಫೋಲ್ಡರ್‌ನಲ್ಲಿ ನಿಮ್ಮದೊಂದು ಫೋಲ್ಡರ್, ಅದರಲ್ಲಿ ಮಾಡ್‌ಇನ್ಫೋ ಎಕ್ಸ್‌ಎಂಎಲ್, ಪಕ್ಕದಲ್ಲಿ ಕಾನ್ಫಿಗ್ ಫೋಲ್ಡರ್, ಅದರೊಳಗೆ ಮೂಲದ ಹೆಸರಿನದೇ ಐಟಮ್ಸ್ ಮತ್ತು ರೆಸಿಪೀಸ್ ಫೈಲ್‌ಗಳು. ಮಾಡ್‌ಇನ್ಫೋದ ರೂಪ 21ರಲ್ಲಿ ಬದಲಾಗಿದೆ, ಆದ್ದರಿಂದ ಹಳೆಯ ಮಾಡ್‌ನಿಂದ ನಕಲು ಮಾಡದೆ 21ಕ್ಕೆಂದೇ ಬರೆದ ಮಾಡ್ ನೋಡಿ ಬರೆಯಿರಿ. ಇಂಥ ಪುಟ್ಟ ಮಾಡ್, ಅಂದರೆ ಮಾಡ್‌ಲೆಟ್‌ನೊಳಗೆ ಬರೆಯುವುದು ಪೂರ್ತಿ ಫೈಲ್ ಅಲ್ಲ, ಎಕ್ಸ್‌ಪಾತ್ ಆದೇಶಗಳು ಮಾತ್ರ: ಇಲ್ಲಿ ಇದನ್ನು ಸೇರಿಸು, ಅಲ್ಲಿ ಅದರ ಮೌಲ್ಯ ಬದಲಿಸು.

ಬೇಕಾಗುವ ಬದಲಾವಣೆ ಮೂರು. ಮೊದಲನೆಯದು ಖಾಲಿ ಜಾರ್ ಎಂಬ ವಸ್ತು. ಇದಕ್ಕೆ ಎಕ್ಸ್‌ಚೇಂಜ್‌ಐಟಮ್ ಎಂಬ ಆಕ್ಷನ್ ಕ್ಲಾಸ್ ಕೊಟ್ಟು, ನೀರಿನ ಕಡೆ ನೋಡಿ ಕ್ಲಿಕ್ ಮಾಡಿದಾಗ ಕೆಸರು ನೀರಿನ ಜಾರ್ ಆಗಿ ಬದಲಾಗುವಂತೆ ಮಾಡಬೇಕು. ಇಲ್ಲಿ ನೀರಿನ ಬ್ಲಾಕ್‌ನ ಹೆಸರನ್ನು ನಿಮ್ಮ ಆವೃತ್ತಿಯ ಬ್ಲಾಕ್ಸ್ ಫೈಲ್‌ನಲ್ಲಿ ನೋಡಿಯೇ ಹಾಕಿ. ಹೆಸರು ಹೊಂದದಿದ್ದರೆ ಎರರ್ ಏನೂ ಬರುವುದಿಲ್ಲ, ಜಾರ್ ಸುಮ್ಮನೆ ತುಂಬುವುದಿಲ್ಲ, ಎಲ್ಲಿ ತಪ್ಪಿದೆ ಎಂದು ಹುಡುಕುವುದು ತಲೆನೋವು. ಚಿತ್ರಕ್ಕೆ ಹೊಸ ಐಕಾನ್ ತರಬೇಡಿ, ಕಸ್ಟಮ್‌ಐಕಾನ್ ಎಂಬ ಪ್ರಾಪರ್ಟಿಯಲ್ಲಿ ಈಗಿರುವ ನೀರಿನ ಜಾರ್‌ನ ಐಕಾನ್ ತೋರಿಸಿ, ಬಣ್ಣವನ್ನು ಸ್ವಲ್ಪ ತಿಳಿ ಮಾಡಿ. ಕಾರಣ ಇದೆ. ಬರೀ ಎಕ್ಸ್‌ಎಂಎಲ್ ಬದಲಾವಣೆಗಳನ್ನು ಸರ್ವರೇ ಆಟಗಾರರಿಗೆ ಕಳಿಸುತ್ತದೆ, ಯಾರೂ ಏನೂ ಇನ್‌ಸ್ಟಾಲ್ ಮಾಡಬೇಕಿಲ್ಲ. ಹೊಸ ಐಕಾನೋ ಡಿಎಲ್‌ಎಲ್ (ಕೋಡ್ ಇರುವ ಫೈಲ್) ಒಂದೋ ಸೇರಿತೆಂದರೆ ಪ್ರತಿಯೊಬ್ಬರ ಕಂಪ್ಯೂಟರ್‌ಗೂ ಮಾಡ್ ಹಾಕಬೇಕು. ಡಿಎಲ್‌ಎಲ್ ಇದ್ದರೆ ಮೋಸ ತಡೆಯುವ ಈಸಿ ಆ್ಯಂಟಿ ಚೀಟ್ ಕೂಡ ಆಫ್ ಮಾಡಬೇಕು.

ಎರಡನೆಯದು, ಕುಡಿದ ಮೇಲೆ ಜಾರ್ ಕೈಗೆ ವಾಪಸ್ ಬರುವುದು. ಕಾಯಿಸಿದ ನೀರು, ಕೆಸರು ನೀರು, ಟೀ, ಕಾಫಿ ಹೀಗೆ ಜಾರ್‌ನಲ್ಲಿ ಬರುವ ಪ್ರತಿ ಪಾನೀಯದ ಈಟ್ ಆಕ್ಷನ್ ಒಳಗೆ ಕ್ರಿಯೇಟ್ ಐಟಮ್ ಎಂಬ ಪ್ರಾಪರ್ಟಿ ಇರಬೇಕು, ಅದರ ಮೌಲ್ಯ ಖಾಲಿ ಜಾರ್. ಹೆಚ್ಚಿನವರು ಮುಗ್ಗರಿಸುವುದು ಇಲ್ಲೇ. ಸೆಟ್ ಎಂಬ ಆದೇಶ ಈಗಾಗಲೇ ಇರುವ ಪ್ರಾಪರ್ಟಿಯ ಮೌಲ್ಯವನ್ನಷ್ಟೇ ಬದಲಿಸುತ್ತದೆ. ಆ ಪ್ರಾಪರ್ಟಿಯೇ ಇಲ್ಲದ ಕಡೆ ಸೆಟ್ ಬರೆದರೆ ಏನೂ ಆಗುವುದಿಲ್ಲ, ಅಪೆಂಡ್ ಬರೆದು ಹೊಸದಾಗಿ ಸೇರಿಸಬೇಕು. ಹೆಸರಿನಲ್ಲಿ ದೊಡ್ಡಕ್ಷರ ಚಿಕ್ಕಕ್ಷರ ಒಂದು ತಪ್ಪಿದರೂ ಅದೇ ಕತೆ.

ಮೂರನೆಯದು ರೆಸಿಪಿ. ಜಾರ್ ಲೂಟ್‌ನಲ್ಲಿ ಸಿಗಬಾರದು, ಫೋರ್ಜ್‌ನಲ್ಲಿ (ಕುಲುಮೆಯಲ್ಲಿ) ಮರಳು ಕರಗಿಸಿದ ಗಾಜಿನಿಂದಲೇ ಆಗಬೇಕು ಎಂದು ಇಟ್ಟಿದ್ದೇವೆ. ಒಂದು ಜಾರ್‌ಗೆ 10 ಯೂನಿಟ್ ಗಾಜು. ಫೋರ್ಜ್ ಬರುವ ತನಕ ಬಾಯಾರಿಕೆ ಬಾಯಾರಿಕೆಯಾಗಿಯೇ ಉಳಿಯುತ್ತದೆ, ಬಂದ ಮೇಲೆ ಕೆರೆಗೆ ಅರ್ಥ ಬರುತ್ತದೆ. ಅಂಟು ತಯಾರಿಸುವಾಗ ನೀರಿನ ಜೊತೆ ಜಾರ್ ಕೂಡ ಖರ್ಚಾಗುವಂತೆ ಬಿಟ್ಟಿದ್ದೇವೆ. ಡಕ್ಟ್ ಟೇಪ್‌ಗೆ ಅಂಟು ಬೇಕೇ ಬೇಕು, ಆದ್ದರಿಂದ ಜಾರ್‌ಗಳು ತಾವಾಗಿಯೇ ಕಡಿಮೆಯಾಗುತ್ತಾ ಹೋಗುತ್ತವೆ, ರಾಶಿ ಬೀಳುವುದಿಲ್ಲ. ಮಾಡ್‌ಲೆಟ್ ಹಾಕಿದ ಜಗತ್ತಿನಿಂದ ಅದನ್ನು ಮಧ್ಯದಲ್ಲಿ ತೆಗೆಯಬೇಡಿ, ಪೆಟ್ಟಿಗೆಗಳಲ್ಲಿರುವ ಜಾರ್‌ಗಳನ್ನು ಆಟ ಗುರುತಿಸದೆ ತೊಂದರೆ ಕೊಡುತ್ತದೆ.

ಮಾಡ್‌ಲೆಟ್ ಹಿಡಿದಿದೆಯೋ ಇಲ್ಲವೋ ಎಂದು ಆಟ ಆಡಿ ನೋಡುತ್ತಾ ಕೂರಬೇಕಿಲ್ಲ. ಆಟದೊಳಗೆ ಎಫ್1 ಒತ್ತಿ ಕನ್ಸೋಲ್ ನೋಡಿ. ಹಿಡಿಯದ ಪ್ರತಿ ಆದೇಶಕ್ಕೂ ಹಳದಿ ಸಾಲಿನಲ್ಲಿ ಡಿಡ್ ನಾಟ್ ಅಪ್ಲೈ ಎಂದಿರುತ್ತದೆ, ಯಾವ ಮಾಡ್, ಯಾವ ಫೈಲ್ ಎಂಬುದೂ ಇರುತ್ತದೆ. ಕೆಂಪು ಸಾಲು ಬಂದರೆ ಎಕ್ಸ್‌ಎಂಎಲ್ ಬರವಣಿಗೆಯೇ ಮುರಿದಿದೆ, ಸಾಮಾನ್ಯವಾಗಿ ಮುಚ್ಚದ ಟ್ಯಾಗ್. ಇದಕ್ಕಿಂತ ಒಳ್ಳೆಯ ಸಾಕ್ಷಿ ಸೇವ್ ಫೋಲ್ಡರ್‌ನೊಳಗಿನ ಕಾನ್ಫಿಗ್ಸ್‌ಡಂಪ್. ಎಲ್ಲ ಮಾಡ್‌ಗಳೂ ಸೇರಿದ ಮೇಲೆ ಆಟ ನಿಜವಾಗಿ ಓದಿಕೊಂಡ ಫೈಲ್‌ಗಳು ಅಲ್ಲಿ ಬಿದ್ದಿರುತ್ತವೆ. ಐಟಮ್ಸ್ ತೆರೆದು ಕಾಯಿಸಿದ ನೀರನ್ನು ಹುಡುಕಿ, ಕ್ರಿಯೇಟ್ ಐಟಮ್ ಸಾಲು ಇದ್ದರೆ ಸರಿ. ಎರಡು ಮಾಡ್‌ಲೆಟ್‌ಗಳು ಒಂದೇ ಸಾಲನ್ನು ಮುಟ್ಟಿದರೆ ಕೊನೆಗೆ ಲೋಡ್ ಆದದ್ದು ಗೆಲ್ಲುತ್ತದೆ. ಕ್ರಮ ಫೋಲ್ಡರ್ ಹೆಸರಿನ ಅಕ್ಷರಮಾಲೆಯಂತೆ, ಹಾಗಾಗಿ ನಮ್ಮದರ ಹೆಸರನ್ನು ಝಡ್‌ನಿಂದ ಶುರುಮಾಡಿದ್ದೇವೆ.

ಮ್ಯಾಗಜೀನ್ ಪದ್ಧತಿಯನ್ನು ಪೂರ್ತಿ ಕಿತ್ತು ಹಳೆಯ ಕಲಿಕೆ ತರಲು ಎಕ್ಸ್‌ಎಂಎಲ್‌ನಿಂದ ಆಗದು. ಆಲ್ಫಾ 16ರ ಆ ವ್ಯವಸ್ಥೆ ಆಟದ ಕೋಡ್‌ನಲ್ಲಿತ್ತು, ಅದು ಈಗ ಇಲ್ಲ. ಹತ್ತಿರ ಹತ್ತಿರದ್ದನ್ನು ಕಟ್ಟಬಹುದು. ಮ್ಯಾಗಜೀನ್ ಓದಿದಾಗ ಮಟ್ಟ ಏರಿಸುವ ಆಡ್‌ಪ್ರೊಗ್ರೆಷನ್‌ಲೆವೆಲ್ ಎಂಬ ಆಕ್ಷನ್ನನ್ನೇ ಬಫ್ (ಆಟಗಾರನ ಮೇಲೆ ಇರುವ ಪರಿಣಾಮ) ಮೂಲಕವೂ ಕರೆಯಬಹುದು. ಬ್ಲಾಕ್ ಒಡೆದಾಗಲೆಲ್ಲ ಒಂದು ಸಿವಾರ್ (ಆಟ ನೆನಪಿಟ್ಟುಕೊಳ್ಳುವ ಸಂಖ್ಯೆ) ಎಣಿಕೆ ಏರುತ್ತದೆ, 200 ಆದಾಗ ಉಪಕರಣಗಳ ಕ್ರಾಫ್ಟಿಂಗ್ ಕೌಶಲ ಒಂದು ಮಟ್ಟ ಏರುತ್ತದೆ, ಎಣಿಕೆ ಮತ್ತೆ ಸೊನ್ನೆಗೆ ಇಳಿಯುತ್ತದೆ. ಸೊನ್ನೆಗೆ ಇಳಿಸುವ ಸಾಲು ಮರೆತರೆ 200ರ ನಂತರ ಪ್ರತಿ ಬ್ಲಾಕ್‌ಗೂ ಒಂದು ಮಟ್ಟ ಏರಿ ಒಂದೇ ಗಂಟೆಯಲ್ಲಿ ಆಟ ಮುಗಿದಂತೆ. ಉಪಕರಣಗಳಿಗೆ ಮಾತ್ರ ಇದನ್ನು ಇಡಿ, ಬಂದೂಕಿಗೆ ಬೇಡ.

ಮಾಡ್ ಬೇಡ ಎನ್ನುವವರು ಮ್ಯಾಗಜೀನ್‌ಗಳನ್ನು ಹಂಚಿಕೊಂಡು ಓದಬೇಕು. ಯಾವ ಪರ್ಕ್‌ಗೆ (ವಿಶೇಷ ಕೌಶಲಕ್ಕೆ) ಪಾಯಿಂಟ್ ಹಾಕುತ್ತೀರೋ ಆ ವಿಷಯದ ಮ್ಯಾಗಜೀನ್ ಸಿಗುವ ಸಾಧ್ಯತೆ ಹೆಚ್ಚುತ್ತದೆ. ನಾಲ್ವರೂ ಎಲ್ಲದಕ್ಕೂ ಒಂದೊಂದು ಪಾಯಿಂಟ್ ಹಾಕಿದರೆ ಯಾರಿಗೂ ಏನೂ ಬೇಗ ಸಿಗುವುದಿಲ್ಲ. ಒಬ್ಬರು ಅಡುಗೆ ಮತ್ತು ಬೇಸಾಯ, ಒಬ್ಬರು ವಾಹನ ಮತ್ತು ವರ್ಕ್‌ಬೆಂಚ್ ಎಂದು ಹಂಚಿಕೊಂಡು, ಸಿಕ್ಕಿದ್ದನ್ನು ಅವರವರಿಗೇ ಕೊಡಿ. ಮನೆ ಮುಂದಿನ ಅಂಚೆಪೆಟ್ಟಿಗೆಗಳನ್ನು ಬಿಡಬೇಡಿ. ಕ್ರ್ಯಾಕ್-ಎ-ಬುಕ್ ಅಂಗಡಿ ಕಂಡರೆ ಉಳಿದ ಕೆಲಸ ಬದಿಗಿಟ್ಟು ಒಳಗೆ ಹೋಗಿ. ಉಪಕರಣಕ್ಕೆ ವರ್ಕಿಂಗ್ ಸ್ಟಿಫ್ಸ್, ಬಂದೂಕಿಗೆ ಷಾಟ್‌ಗನ್ ಮೆಸಾಯ, ಔಷಧಿಗೆ ಪಾಪ್-ಎನ್-ಪಿಲ್ಸ್ ಅಂಗಡಿ.

ಜಾಂಬಿಗಳ ಬುದ್ಧಿಯನ್ನೂ ಹಿಂದಕ್ಕೆ ತರಲಾಗದು. ಆಲ್ಫಾ 17ರಿಂದ ಅವು ಗೋಡೆಗಳ ಗಟ್ಟಿತನ ಲೆಕ್ಕಹಾಕಿ ಸುಲಭದ ದಾರಿ ಹಿಡಿಯುತ್ತವೆ. ನಾಲ್ಕೂ ಕಡೆ ಮುಚ್ಚಿದ ಹಳೆಯ ಕಾಲದ ಕೋಟೆ ಈಗ ನಿಲ್ಲುವುದಿಲ್ಲ. ದಾರಿಯೇ ಕಾಣದಿದ್ದರೆ ಕೈಗೆ ಸಿಕ್ಕ ಕಂಬ ಒಡೆಯಲು ಶುರುಮಾಡುತ್ತವೆ, ಕಂಬ ಹೋದರೆ ಮೇಲಿನದೆಲ್ಲ ಕುಸಿಯುತ್ತದೆ. ಏಳು ದಿನಕ್ಕೊಮ್ಮೆ ಜಾಂಬಿ ದಂಡು ಮುತ್ತುವ ರಾತ್ರಿಯಾದ ಬ್ಲಡ್ ಮೂನ್‌ಗೆ ಬೇಕೆಂದೇ ಒಂದು ದಾರಿ ಬಿಡಿ: ಮೆಟ್ಟಿಲು, ಅದರ ಕೊನೆಗೆ ಕಿರಿದಾದ ಸೇತುವೆ, ಸೇತುವೆ ಎದುರು ನೀವು. ಮರದ ಬ್ಲಾಕ್‌ಗೆ 500, ಕಾಬಲ್‌ಸ್ಟೋನ್‌ಗೆ 1500, ಕಾಂಕ್ರೀಟ್‌ಗೆ 5000, ಉಕ್ಕಿಗೆ 10000 ಹಿಟ್ ಪಾಯಿಂಟ್. ಸೇತುವೆಯ ಕೆಳಗಿನ ಕಂಬಗಳು ಸೇತುವೆಗಿಂತ ಒಂದು ಹಂತ ಗಟ್ಟಿ ಇರಲಿ. ಇಷ್ಟಾದರೂ ಗುಂಪಿಗೆ ತಡೆಯಲಾಗದಿದ್ದರೆ ಸರ್ವರ್‌ಕಾನ್ಫಿಗ್‌ನಲ್ಲಿ ಬ್ಲಡ್‌ಮೂನ್‌ಎನಿಮಿಕೌಂಟ್ 8ರಿಂದ 6ಕ್ಕೆ ಇಳಿಸಿ, ಇಲ್ಲವೇ ಆ ರಾತ್ರಿ ಜಾಂಬಿಗಳು ಬ್ಲಾಕ್‌ಗೆ ಮಾಡುವ ಹಾನಿಯ ಬ್ಲಾಕ್‌ಡ್ಯಾಮೇಜ್‌ಎಐಬಿಎಂ 100ರಿಂದ 75ಕ್ಕೆ. ಎರಡನ್ನೂ ಒಟ್ಟಿಗೆ ಇಳಿಸಿದರೆ ಏಳನೇ ರಾತ್ರಿಗೆ ಭಯವೇ ಉಳಿಯುವುದಿಲ್ಲ.

2.0ರಲ್ಲಿ ಆಡುವವರು ಬ್ಯಾಡ್ಜ್ ವಿಷಯಕ್ಕೆ ಮಾಡ್ ಹುಡುಕಬೇಕಿಲ್ಲ. ಬಯೋಮ್ (ಮರುಭೂಮಿ, ಹಿಮದಂಥ ಪ್ರದೇಶ) ಪ್ರೊಗ್ರೆಷನ್ ಆಫ್ ಮಾಡುವ ಸೆಟ್ಟಿಂಗ್ ಆಟದಲ್ಲೇ ಇದೆ.

ಬೆಂಗಳೂರಿನಲ್ಲಿ ಮನೆಯಲ್ಲೇ ಸರ್ವರ್ ಇಡುವುದಾದರೆ ಎರಡು ಅಡಚಣೆ. ಅನೇಕ ಬ್ರಾಡ್‌ಬ್ಯಾಂಡ್ ಕನೆಕ್ಷನ್‌ಗಳು ಸಿಜಿನ್ಯಾಟ್ (ಅನೇಕ ಗ್ರಾಹಕರು ಒಂದೇ ಐಪಿ ವಿಳಾಸ ಹಂಚಿಕೊಳ್ಳುವ ವ್ಯವಸ್ಥೆ) ಹಿಂದೆ ಇರುತ್ತವೆ, ರೂಟರ್‌ನಲ್ಲಿ 26900ರಿಂದ 26902ರವರೆಗಿನ ಪೋರ್ಟ್ ತೆರೆದರೂ ಹೊರಗಿನವರಿಗೆ ಸರ್ವರ್ ಕಾಣುವುದಿಲ್ಲ. ರೂಟರ್‌ನ ವ್ಯಾನ್ (ಇಂಟರ್‌ನೆಟ್ ಕಡೆಯ) ಐಪಿ 100.64ರಿಂದ 100.127ರ ನಡುವೆ ಶುರುವಾಗಿದ್ದರೆ ಅದೇ ಕಾರಣ. ಕಂಪನಿಯವರಿಂದ ಸ್ಟ್ಯಾಟಿಕ್ ಐಪಿ ಕೊಳ್ಳಬಹುದು, ಇಲ್ಲವೇ ಎಲ್ಲರೂ ಟೇಲ್‌ಸ್ಕೇಲ್ ಎಂಬ ವಿಪಿಎನ್ ಹಾಕಿಕೊಂಡು ಅದು ಕೊಡುವ ವಿಳಾಸಕ್ಕೆ ಕನೆಕ್ಟ್ ಟು ಐಪಿ ಮೂಲಕ ಸೇರಬಹುದು. ನಾವು ಎರಡನೆಯದನ್ನೇ ಬಳಸುತ್ತೇವೆ.

ಇನ್ನೊಂದು ಕರೆಂಟ್. ಏಪ್ರಿಲ್-ಮೇ ಸಂಜೆ ಮಳೆಗೆ ಕರೆಂಟ್ ಹೋದಾಗ ಸರ್ವರ್ ಬರೆಯುತ್ತಿದ್ದ ರೀಜನ್ ಫೈಲ್ (ಜಗತ್ತಿನ ಒಂದು ಭಾಗದ ಫೈಲ್) ಅರ್ಧಕ್ಕೆ ನಿಂತು ಜಗತ್ತಿನ ಒಂದು ತುಂಡು ಕೆಡುತ್ತದೆ. ಮನೆಯ ಇನ್ವರ್ಟರ್ ಇದೆ ಎಂದು ನೆಚ್ಚಬೇಡಿ. ಅದರ ಹಿಂದಿನ ಸ್ವಿಚ್ ನಾರ್ಮಲ್‌ನಲ್ಲಿದ್ದರೆ ಬದಲಾಗುವ ಕ್ಷಣದಲ್ಲಿ ಡೆಸ್ಕ್‌ಟಾಪ್ ರೀಸ್ಟಾರ್ಟ್ ಆಗಿಬಿಡುತ್ತದೆ, ಯುಪಿಎಸ್ ಮೋಡ್‌ಗೆ ತಿರುಗಿಸಿ. ಅದಿಲ್ಲದಿದ್ದರೆ ಎಸ್‌ಪಿ ರೋಡ್‌ನಲ್ಲಿ ಒಂದು ಸಣ್ಣ ಯುಪಿಎಸ್ ತಂದು ಸರ್ವರ್‌ಗೆ ಮಾತ್ರ ಕೊಡಿ, ಮಾನಿಟರ್ ಬೇಡ. ರೂಟರ್‌ಗೆ 12 ವೋಲ್ಟ್‌ನ ಪುಟ್ಟ ಯುಪಿಎಸ್ ಬೇರೆ. ಕರೆಂಟ್ ಹೋದ ಕೂಡಲೇ ಕನ್ಸೋಲ್‌ನಲ್ಲಿ ಸೇವ್‌ವರ್ಲ್ಡ್, ನಂತರ ಶಟ್‌ಡೌನ್. ಒಬ್ಬ ಆಟಗಾರನ ಫೈಲ್ ಮಾತ್ರ ಕೆಟ್ಟಿದ್ದರೆ ಪ್ಲೇಯರ್ ಫೋಲ್ಡರ್‌ನಲ್ಲಿ ಅದೇ ಹೆಸರಿನ ಬ್ಯಾಕ್ ಎಂಬ ನಕಲು ಇರುತ್ತದೆ. ಸರ್ವರ್ ನಿಲ್ಲಿಸಿ ಅದರ ಹೆಸರು ಬದಲಿಸಿ ಇಟ್ಟರೆ ಆ ಮನುಷ್ಯ ಸಾಮಾನು ಸಮೇತ ವಾಪಸ್. ರೀಜನ್ ಕೆಟ್ಟರೆ ಹಾಗೆ ಬಚಾವಾಗುವ ದಾರಿ ಇಲ್ಲ. ಅದಕ್ಕೇ ಪ್ರತಿ ಬ್ಲಡ್ ಮೂನ್‌ಗೆ ಮುಂಚೆ ಸರ್ವರ್ ನಿಲ್ಲಿಸಿ ಪೂರ್ತಿ ಸೇವ್ ಫೋಲ್ಡರ್ ಮತ್ತು ಅದರ ಜೊತೆ ಜನರೇಟೆಡ್‌ವರ್ಲ್ಡ್ಸ್ ಫೋಲ್ಡರ್, ಎರಡನ್ನೂ ಇನ್ನೊಂದು ಡಿಸ್ಕ್‌ಗೆ ನಕಲು ಮಾಡಿ. ಮ್ಯಾಪ್ ಇಲ್ಲದ ಸೇವ್ ತೆರೆಯುವುದಿಲ್ಲ, ಅದೇ ಸೀಡ್ (ಮ್ಯಾಪ್ ಹುಟ್ಟಿಸುವ ಪದ) ಹಾಕಿದರೂ ಬೇರೆ ಆವೃತ್ತಿಯಲ್ಲಿ ಅದೇ ಮ್ಯಾಪ್ ಬರುವುದಿಲ್ಲ.