ಕಚೇರಿಯಲ್ಲಿ ವಿಚಾರಣೆ ಎದುರಾದಾಗ ಖಾಸಗಿತನವನ್ನು ಉಳಿಸಿಕೊಳ್ಳುವ ಬಗೆ

ಎಚ್‌.ಆರ್. ವಿಭಾಗದವರು ಕೊಠಡಿಗೆ ಕರೆದು, "ನಿಮ್ಮ ಮೇಲೆ ದೂರು ಬಂದಿದೆ, ಲ್ಯಾಪ್‌ಟಾಪ್ ಮತ್ತು ಫೋನ್ ಕೊಡಿ" ಎಂದಾಗ ಹೆಚ್ಚಿನವರು ಎರಡನ್ನೂ ಮೇಜಿನ ಮೇಲಿಟ್ಟುಬಿಡುತ್ತಾರೆ. ತಪ್ಪು ಮಾಡದವನಿಗೆ ಮುಚ್ಚಿಡುವುದೇನಿದೆ ಎಂಬ ಧೈರ್ಯ ಮೆಚ್ಚತಕ್ಕದ್ದೇ ಆದರೂ, ಆ ಎರಡು ವಸ್ತುಗಳ ಮೇಲೆ ಕಂಪನಿಗಿರುವ ಹಕ್ಕು ಒಂದೇ ತೆರನಾದುದಲ್ಲ.

ಲ್ಯಾಪ್‌ಟಾಪ್ ಕಂಪನಿಯದು. ಕೆಲಸಕ್ಕೆ ಸೇರಿದ ದಿನ ಓದದೆ ಸಹಿ ಹಾಕಿದ ಕಾಗದಗಳಲ್ಲಿ ಅದನ್ನು ಪರಿಶೀಲಿಸುವ ಅಧಿಕಾರವನ್ನು ನೀವೇ ಬರೆದುಕೊಟ್ಟಿರುವ ಸಂಭವ ಹೆಚ್ಚು. ಆದ್ದರಿಂದ ಕೇಳಿದಾಗ ಒಪ್ಪಿಸಿ, ದಿನಾಂಕ, ಸಮಯ, ಯಂತ್ರದ ಕ್ರಮಸಂಖ್ಯೆ ಮತ್ತು ಪಡೆದವರ ಹೆಸರುಳ್ಳ ಸ್ವೀಕೃತಿ ಪತ್ರವನ್ನು ಕೇಳಿ ಪಡೆಯಿರಿ. ಅದರಲ್ಲಿ ನಿಮ್ಮ ವಾಟ್ಸ್‌ಆ್ಯಪ್ ವೆಬ್, ಸ್ವಂತ ಜಿಮೇಲ್, ಆಧಾರ್ ಪ್ರತಿ, ಮಕ್ಕಳ ಫೋಟೊ ಉಳಿದಿದ್ದರೆ, ಅವು ವೈಯಕ್ತಿಕವೆಂದೂ ತನಿಖೆಯ ವಿಷಯಕ್ಕೆ ಸಂಬಂಧಿಸದ ಖಾತೆಗಳನ್ನು ತೆರೆಯಬಾರದೆಂದೂ ಅದೇ ದಿನ ಇಮೇಲ್ ಮೂಲಕ ತಿಳಿಸಿರಿ. ಗಾಬರಿಯಲ್ಲಿ ಏನನ್ನೂ ಅಳಿಸಬೇಡಿ. ಮೂಲ ಆರೋಪ ಬಿದ್ದುಹೋದರೂ ಸಾಕ್ಷ್ಯ ನಾಶದ ಆರೋಪ ನಿಲ್ಲಬಹುದು.

ಸ್ವಂತ ಫೋನಿನ ಸಂಗತಿ ಬೇರೆ. ಪೊಲೀಸರಿಗಿರುವಂತಹ ಶೋಧನೆ ಅಥವಾ ಜಪ್ತಿಯ ಅಧಿಕಾರ ಖಾಸಗಿ ಕಂಪನಿಗಿಲ್ಲ. ಆದರೆ ಬರೀ "ಕೊಡುವುದಿಲ್ಲ" ಎಂದರೆ ಅದನ್ನು ಅಸಹಕಾರವೆಂದು ದಾಖಲಿಸಿಕೊಳ್ಳುವ ಸಾಧ್ಯತೆ ಇರುವುದರಿಂದ, ಯಾವ ಅವಧಿಯ, ಯಾರೊಂದಿಗಿನ, ಯಾವ ವಿಷಯದ ಸಂದೇಶಗಳು ಬೇಕೆಂದು ಲಿಖಿತವಾಗಿ ಕೇಳಿ, ಅಷ್ಟನ್ನು ಮಾತ್ರ ನಿಮ್ಮ ಎದುರಿನಲ್ಲೇ ತೋರಿಸಲು ಸಿದ್ಧವೆಂದು ತಿಳಿಸುವುದು ಜಾಣತನ. ಪಾಸ್‌ವರ್ಡ್ ಹೇಳಬೇಕಾಗಿಲ್ಲ, 2011ರ ಮಾಹಿತಿ ತಂತ್ರಜ್ಞಾನ ನಿಯಮಗಳು ಪಾಸ್‌ವರ್ಡ್, ಹಣಕಾಸಿನ ವಿವರ, ವೈದ್ಯಕೀಯ ದಾಖಲೆ ಮತ್ತು ಬಯೋಮೆಟ್ರಿಕ್ ಮಾಹಿತಿಯನ್ನು ಸೂಕ್ಷ್ಮ ಮಾಹಿತಿಯೆಂದೇ ಪಟ್ಟಿಮಾಡಿವೆ.

ಖಾಸಗಿತನವು ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಸಾರಿತು. ಆ ಪ್ರಕರಣದ ಅರ್ಜಿದಾರರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರೆಂಬುದು ಬೆಂಗಳೂರಿಗರಿಗೆ ಹೆಮ್ಮೆಯ ಸಂಗತಿ. ಆದರೆ ಎಚ್‌.ಆರ್. ಮೇಜಿನ ಮುಂದೆ ಆ ತೀರ್ಪನ್ನು ಉಲ್ಲೇಖಿಸಿದ ಮಾತ್ರಕ್ಕೆ ಕೆಲಸವಾಗುವುದಿಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ 7ನೇ ಸೆಕ್ಷನ್, ಉದ್ಯೋಗದ ಉದ್ದೇಶಕ್ಕೂ ನಷ್ಟದಿಂದ ಮಾಲೀಕರನ್ನು ರಕ್ಷಿಸುವ ಉದ್ದೇಶಕ್ಕೂ ಒಪ್ಪಿಗೆಯಿಲ್ಲದೆಯೇ ನೌಕರರ ಮಾಹಿತಿಯನ್ನು ಬಳಸಲು ಅವಕಾಶ ಕೊಡುತ್ತದೆ. ಹಾಗಾಗಿ "ನನ್ನ ಒಪ್ಪಿಗೆಯಿಲ್ಲ" ಎಂಬುದಕ್ಕಿಂತ "ಈ ಮಾಹಿತಿಗೂ ಈ ಆರೋಪಕ್ಕೂ ಏನು ಸಂಬಂಧ" ಎಂಬ ಪ್ರಶ್ನೆಯೇ ಹೆಚ್ಚು ತೂಕದ್ದು.

ವಿಚಾರಣೆ ಆರಂಭವಾದ ಮೇಲೆ ಆರೋಪಪಟ್ಟಿಯನ್ನೂ ಅದಕ್ಕೆ ಆಧಾರವಾದ ದಾಖಲೆಗಳನ್ನೂ ಕೇಳಿ. ವಿಚಾರಣಾಧಿಕಾರಿಯ ವರದಿಯ ಪ್ರತಿಯನ್ನು ಶಿಕ್ಷೆ ನಿರ್ಧರಿಸುವ ಮೊದಲೇ ನೌಕರನಿಗೆ ಕೊಡಬೇಕೆಂದು ಸುಪ್ರೀಂ ಕೋರ್ಟ್ 1993ರಲ್ಲಿ ಕರುಣಾಕರ್ ಪ್ರಕರಣದಲ್ಲಿ ಹೇಳಿದೆ. ಲೈಂಗಿಕ ಕಿರುಕುಳದ ದೂರಾಗಿದ್ದರೆ 2013ರ ಕಾಯ್ದೆಯ 16ನೇ ಸೆಕ್ಷನ್ ದೂರುದಾರರು, ಆರೋಪಿ ಮತ್ತು ಸಾಕ್ಷಿಗಳು ಮೂವರ ಗುರುತನ್ನೂ ಬಹಿರಂಗಪಡಿಸದಂತೆ ತಡೆಯುತ್ತದೆ. ಕ್ಯಾಂಟೀನಿನಲ್ಲಿ ಸಹೋದ್ಯೋಗಿಗಳೊಂದಿಗೆ ಹಂಚಿಕೊಳ್ಳುವ ಮಾತೂ ಇದರಲ್ಲಿ ಸಿಕ್ಕಿಬೀಳಬಹುದೆಂಬುದು ನೆನಪಿರಲಿ.

ನಮ್ಮ ಊರಿನ ಕಂಪನಿಗಳಲ್ಲಿ ವಜಾ ಆದೇಶಕ್ಕಿಂತ "ನೀವೇ ರಾಜೀನಾಮೆ ಕೊಟ್ಟುಬಿಡಿ" ಎಂಬ ಮೃದು ಒತ್ತಾಯವೇ ಹೆಚ್ಚಾಗಿ ಕೇಳಿಬರುತ್ತದೆ. ಅಲ್ಲಿ ಮುಂದಿಡುವ ಒಪ್ಪಂದದಲ್ಲಿ ಹಕ್ಕು ತ್ಯಾಗದ ಜೊತೆಗೆ ನಿಮ್ಮ ಮಾಹಿತಿಯನ್ನು ಇತರರಿಗೆ ನೀಡುವ ಅನುಮತಿಯೂ ಅಡಗಿರಬಹುದಾದ್ದರಿಂದ, ಓದಲು ಒಂದೆರಡು ದಿನ ಕೇಳದೆ ಸಹಿ ಹಾಕಬೇಡಿ. ವಜಾ ಮಾಡುವುದೇ ಆದರೆ, ಆರು ತಿಂಗಳು ಸತತ ಸೇವೆ ಸಲ್ಲಿಸಿದ ನೌಕರನಿಗೆ ಸಮಂಜಸ ಕಾರಣವೂ ಒಂದು ತಿಂಗಳ ನೋಟಿಸ್ ಅಥವಾ ಅದರ ಬದಲಿಗೆ ವೇತನವೂ ಇರಬೇಕೆಂದು ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ, 1961ರ 39ನೇ ಸೆಕ್ಷನ್ ಹೇಳುತ್ತದೆ. ದುರ್ನಡತೆಯ ಕಾರಣಕ್ಕೆ ನೋಟಿಸ್ ಇಲ್ಲದೆಯೇ ವಜಾ ಮಾಡಬೇಕಾದರೆ ವಿಚಾರಣೆಯಲ್ಲಿ ದಾಖಲಾದ ಸಾಕ್ಷ್ಯ ಬೇಕು. ತಕರಾರಿದ್ದರೆ ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನದಲ್ಲಿರುವ ಕಾರ್ಮಿಕ ಇಲಾಖೆಯನ್ನು ವಿಚಾರಿಸಿ.

ನೀವು ಹೊರಡುವಾಗ ಕಂಪನಿಯವರು ತಂಡಕ್ಕೆ ಕಳುಹಿಸುವ ಇಮೇಲಿನಲ್ಲಿ "ಸಂಸ್ಥೆಯನ್ನು ತೊರೆದಿದ್ದಾರೆ" ಎಂಬುದರ ಆಚೆಗೆ ಕಾರಣ ಬರೆಯದಂತೆ ಲಿಖಿತವಾಗಿ ಕೋರಿಕೊಳ್ಳಿ. ಮುಂದಿನ ಕೆಲಸದ ಹಿನ್ನೆಲೆ ಪರಿಶೀಲನೆಯವರು ಕೇಳಿದಾಗ ಏನನ್ನು ತಿಳಿಸುತ್ತಾರೆಂದು ಹಳೆಯ ಕಂಪನಿಯಿಂದ ಇಮೇಲ್ ಮೂಲಕ ಖಚಿತಪಡಿಸಿಕೊಂಡು, ಆ ಉತ್ತರವನ್ನು ಕಚೇರಿ ಖಾತೆ ಮುಚ್ಚುವ ಮೊದಲೇ ಸ್ವಂತ ವಿಳಾಸಕ್ಕೆ ತರಿಸಿಕೊಳ್ಳಿ.