ನಮ್ಮ ಬಾರಿನಲ್ಲಿ ಡಾರ್ಟ್ಸ್ ನೆಲೆಯೂರಿದ ಬಗೆ

ತೀರ್ಥಹಳ್ಳಿಯ ನಮ್ಮ ಬಾರಿನ ಹಿಂಬದಿಯ ಹಾಲ್‌ನಲ್ಲಿ ಡಾರ್ಟ್ಸ್ (ಚೂಪು ಮೊನೆಯ ಪುಟ್ಟ ಬಾಣಗಳನ್ನು ಗೋಡೆಯ ದುಂಡು ಬೋರ್ಡಿಗೆ ಎಸೆಯುವ ಆಟ) ಬೋರ್ಡ್ ಹಾಕುತ್ತೇನೆಂದಾಗ, ಇದೇ ಕಸುಬಿನಲ್ಲಿರುವ ಸ್ನೇಹಿತರೊಬ್ಬರು, "ಕುಡಿದವರ ಕೈಗೆ ಮೊಳೆ ಕೊಡ್ತೀರಲ್ಲ ಮಾರಾಯ್ರೇ, ಒಬ್ಬರ ಕಣ್ಣು ಹೋದ್ರೆ ಬಾಗಿಲು ಹಾಕ್ಬೇಕಾಗ್ತದೆ" ಎಂದಿದ್ದರು. ಅದಾಗಿ ನಾಲ್ಕು ಮಳೆಗಾಲ ಕಳೆದಿವೆ. ಇದುವರೆಗೆ ಒಬ್ಬರಿಗೂ ಗಾಯವಾಗಿಲ್ಲ, ಮತ್ತು ಅದೇ ಸ್ನೇಹಿತರು ಕಳೆದ ದೀಪಾವಳಿಯ ಹೊತ್ತಿಗೆ ಬಂದು ಎಸೆಯುವವರು ನಿಲ್ಲುವ ನಮ್ಮ ಗೆರೆಯ ಅಳತೆಯನ್ನು ಬರೆದುಕೊಂಡು ಹೋದರು.

ಮೊದಲ ವರ್ಷ ಮಾತ್ರ ಕಳೆದುಕೊಂಡದ್ದೇ ಹೆಚ್ಚು. ಸುಮಾರು ಒಂಬೈನೂರು ರೂಪಾಯಿಗೆ ತಂದ ಕಾಗದದ ಸುರುಳಿಯ ಬೋರ್ಡ್ ಆಷಾಢ ಮುಗಿಯುವ ಮೊದಲೇ ಪದರು ಬಿಟ್ಟಿತು. ಬಳಿಕ ಮೂರೂವರೆ ಸಾವಿರ ಕೊಟ್ಟು ಕತ್ತಾಳೆ ನಾರಿನ ಬೋರ್ಡ್ ತರಿಸಿದೆ. ಅದನ್ನು ನಮ್ಮ ಹುಡುಗನೊಬ್ಬ ಮೇಜು ಒರೆಸುವ ಒದ್ದೆ ಬಟ್ಟೆಯಿಂದಲೇ ದಿನವೂ ಒರೆಸಿ, ನಾರು ಉಬ್ಬಿ, ಅಂಕದ ಮನೆಗಳನ್ನು ಬೇರ್ಪಡಿಸುವ ತಂತಿಯೆಲ್ಲ ಮೇಲೆದ್ದಿತು. ಹಿಂದೆ ಇಂಗ್ಲೆಂಡಿನಲ್ಲಿ ಎಲ್ಮ್ ಮರದ ಬೋರ್ಡುಗಳನ್ನು ರಾತ್ರಿ ನೀರಿನಲ್ಲಿ ನೆನೆಸಿಡುತ್ತಿದ್ದರೆಂದು ಕೇಳಿ, ಬೂರುಗದ ಮರದ ಅಡ್ಡತುಂಡಿನಲ್ಲಿ ನಾನೂ ಒಂದನ್ನು ಮಾಡಿಸಿ ನೋಡಿದೆ. ತೂತುಗಳೇನೋ ನೆನೆದಾಗ ಮುಚ್ಚಿಕೊಂಡವು, ಆದರೆ ನಮ್ಮ ಮಳೆಗೆ ಅದು ಒಣಗಲೇ ಇಲ್ಲ, ಮೂರನೇ ವಾರಕ್ಕೆ ಬೂಷ್ಟು ಹಿಡಿಯಿತು. ಬಡಗಿಗೆ ಕೊಟ್ಟ ಎಂಟುನೂರು ಹಾಗೆಯೇ ಹೋಯಿತು.

ಅಳತೆಯಲ್ಲಿಯೂ ಒಮ್ಮೆ ಎಡವಿದ್ದೇನೆ. ಗೆರೆಗೆ ಇರಬೇಕಾದ ಏಳಡಿ ಒಂಬತ್ತೂಕಾಲು ಇಂಚು ದೂರವನ್ನು ಗೋಡೆಯಿಂದ ಹಿಡಿದಿದ್ದೆ; ಹಿಡಿಯಬೇಕಾದದ್ದು ಬೋರ್ಡಿನ ಮುಖದಿಂದ. ತೂಕದ ಗುಂಡು ಇಳಿಬಿಟ್ಟು ಅದೇ ದೂರವನ್ನು, ಅಂದರೆ 2.37 ಮೀಟರನ್ನು, ಮತ್ತೆ ಅಳೆದೆ. ನಮ್ಮ ಹಳೆಯ ರೆಡ್ ಆಕ್ಸೈಡ್ ನೆಲ ಸಮತಟ್ಟಾಗಿಲ್ಲವಾದ್ದರಿಂದ, ಬುಲ್‌ನ (ಬೋರ್ಡಿನ ನಟ್ಟನಡುವಿನ ಗುರಿ) ನಡುವಿನಿಂದ ಗೆರೆಗೆ ಓರೆಯಾಗಿ 2.93 ಮೀಟರ್ ಬರುತ್ತದೆಯೇ ಎಂದೂ ನೋಡಿಕೊಂಡೆ. ಬಣ್ಣದ ಗೆರೆ ಒದ್ದೆ ಚಪ್ಪಲಿಗೆ ಹದಿನೈದು ದಿನವೂ ಉಳಿಯಲಿಲ್ಲ. ಕೊನೆಗೆ ಒಂದೂವರೆ ಇಂಚು ಎತ್ತರ ಬರುವಂತೆ ಅಡಿಕೆ ದಬ್ಬೆಯನ್ನು ಸೀಳಿಸಿ, ಅದರ ಹಿಂಬದಿಯ ಅಂಚು ಅಳತೆಗೆ ಸರಿಯಾಗಿ ಕೂರುವಂತೆ ನೆಲಕ್ಕೆ ಬಿಗಿಸಿದೆ. ಆಡುವವರ ಕಾಲಿಗೇ ಗೆರೆ ತಾಗುವುದರಿಂದ "ಕಾಲು ದಾಟಿತು" ಎಂಬ ತಕರಾರು ಅಂದಿನಿಂದ ನಿಂತಿದೆ.

ಆದರೆ ಆಟವನ್ನು ಮುಳುಗಿಸಿದ್ದು ಬೋರ್ಡೂ ಅಲ್ಲ, ಗೆರೆಯೂ ಅಲ್ಲ. ಒಂದು ರಾತ್ರಿ ಇಪ್ಪತ್ತರ ಟ್ರಿಪಲ್‌ನ (ಅಂಕ ಮೂರುಪಟ್ಟಾಗುವ ಕಿರುಮನೆ) ತಂತಿಗೆ ಒರಗಿ ನಿಂತಿದ್ದ ಡಾರ್ಟನ್ನು ಎಸೆದವರೇ ಕಿತ್ತು "ಅರವತ್ತು" ಎಂದರು, ಎದುರಾಳಿ "ಇಪ್ಪತ್ತೇ" ಎಂದರು. ಎರಡು ಕುರ್ಚಿ ಮುರಿದವು, ಬಿಲ್ ಕೊಡದೆ ಎರಡು ಮೇಜಿನವರು ಎದ್ದು ಹೋದರು, ಒಟ್ಟು ನಾಲ್ಕು ಸಾವಿರದಷ್ಟು ನಷ್ಟವಾಯಿತು. ಎರಡು ವಾರ ಬೋರ್ಡನ್ನು ಇಳಿಸಿಟ್ಟು ಯೋಚಿಸಿದ ಮೇಲೆ, ಅಂಕ ಬರೆಯುವ ಮೊದಲು ಡಾರ್ಟ್ ಮುಟ್ಟುವಂತಿಲ್ಲ, ಮುಟ್ಟಿದರೆ ಆ ಸರದಿಯ ಅಂಕ ಸೊನ್ನೆ ಎಂದು ಗೋಡೆಯ ಮೇಲೆ ದಪ್ಪಕ್ಷರದಲ್ಲಿ ಬರೆಸಿದೆ. ಬರೆಯುವ ಕೆಲಸ ಹಿಂದಿನ ಆಟದಲ್ಲಿ ಸೋತವರದು. ಅವರು ಬೋರ್ಡಿನ ಪಕ್ಕದಲ್ಲಿ ಅಲುಗಾಡದೆ ನಿಲ್ಲಬೇಕು. ಕೇಳಿದರೆ ಸೊನ್ನೆಗೆ ಇಳಿಸಲು ಉಳಿದ ಅಂಕವನ್ನು ಹೇಳಬಹುದು, ಹೇಗೆ ಮುಗಿಸಬೇಕೆಂಬುದನ್ನು ಹೇಳುವಂತಿಲ್ಲ. ಸಿಟ್ಟಿನಲ್ಲಿ ಸೋತವರಿಗೆ ಕೈಗೊಂದು ಜವಾಬ್ದಾರಿ ಸಿಗುವುದರಿಂದ ಅವರ ಮಾತು ತಾನಾಗಿ ಇಳಿಯುತ್ತದೆ ಎಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಉಳಿದವರು ಎಸೆಯುವವರ ಬೆನ್ನ ಹಿಂದೆ ಎರಡು ಹೆಜ್ಜೆ ದೂರದಲ್ಲಿ ನಿಲ್ಲುತ್ತಾರೆ, ಎಸೆಯುವ ಕೈ ಮೇಲಿರುವಾಗ ಯಾರೂ ಮಾತನಾಡುವುದಿಲ್ಲ, ದಬ್ಬೆಯಿಂದಾಚೆಗೆ ಗ್ಲಾಸು ಹೋಗುವುದಿಲ್ಲ. ಪುಟಿದು ಬಿದ್ದ ಡಾರ್ಟಿಗೆ ಅಂಕವಿಲ್ಲ, ಅದನ್ನು ಗಾಳಿಯಲ್ಲಿ ಹಿಡಿಯಲು ಹೋಗುವಂತೆಯೂ ಇಲ್ಲ. ಆಟಕ್ಕೆ ಮೊದಲೂ ಮುಗಿದ ಮೇಲೂ ಕೈಕುಲುಕುವುದು ಕಡ್ಡಾಯ. ನಮ್ಮ ಹುಡುಗರೇ ತಟ್ಟೆ ಹಿಡಿದು ಬೋರ್ಡಿನ ಮುಂದೆ ಹಾಯುತ್ತಿದ್ದರು. ಅದನ್ನು ತಪ್ಪಿಸಲು ಅಡುಗೆಮನೆಯ ಬಾಗಿಲನ್ನು ಬೇರೆ ಕಡೆಗೆ ಒಡೆಸಿದ್ದಕ್ಕೆ ಆರೇಳು ಸಾವಿರ ಖರ್ಚಾಯಿತು. ಇಡೀ ವ್ಯವಸ್ಥೆಯಲ್ಲಿ ಅತ್ಯಂತ ಸಾರ್ಥಕವಾದ ಖರ್ಚು ಅದೇ ಎಂದು ನನ್ನ ಅಭಿಪ್ರಾಯ.

501 ಅಂಕದಿಂದ ಕಳೆಯುತ್ತಾ ಸೊನ್ನೆಗೆ ಇಳಿಸುವ ಆಟ ನಮ್ಮಲ್ಲಿ ಉದ್ದವಾಯಿತು, ಕಾಯುವವರು ಬೇಸತ್ತರು. ಆದ್ದರಿಂದ ವಾರದ ದಿನಗಳಲ್ಲಿ 301 ಆಡಿಸುತ್ತೇನೆ. ಆರಂಭಕ್ಕೆ ಡಬಲ್ (ಅಂಕ ಎರಡು ಪಟ್ಟಾಗುವ ಹೊರಗಿನ ಪಟ್ಟಿ) ಬೇಡ, ಮುಕ್ತಾಯಕ್ಕೆ ಬೇಕೇ ಬೇಕು. ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುವ ಗಿರಾಕಿಯೊಬ್ಬರು 32 ಉಳಿಸಿಕೊಳ್ಳುವುದನ್ನು ಎಲ್ಲರಿಗೂ ಕಲಿಸಿದರು: ಡಬಲ್ ಹದಿನಾರು ತಪ್ಪಿ ಒಳಗೆ ಬಿದ್ದರೂ ಹದಿನಾರು ಉಳಿದು, ಡಬಲ್ ಎಂಟರಿಂದ ಮುಗಿಸಬಹುದು. ಹಣದ ಬಾಜಿಗೆ ಅವಕಾಶ ಕೊಟ್ಟಿಲ್ಲ. ಸೋತವರು ಕುಡಿಸಬೇಕೆಂಬ ಪದ್ಧತಿಯನ್ನೂ ನಿಲ್ಲಿಸಿದೆ, ಏಕೆಂದರೆ ಮೂರನೇ ಆಟದ ಹೊತ್ತಿಗೆ ಗುರಿಯೂ ಇರುತ್ತಿರಲಿಲ್ಲ, ಸಂಯಮವೂ ಇರುತ್ತಿರಲಿಲ್ಲ.

ಡಾರ್ಟುಗಳು ಕೌಂಟರಿನಲ್ಲಿಯೇ ಇರುತ್ತವೆ. ಯಾರಿಗೆ ಕೊಡಬಾರದೆಂದು ತಿಳಿಯಲು ನನ್ನದೊಂದು ಸಣ್ಣ ಪರೀಕ್ಷೆಯಿದೆ. ಗಿರಾಕಿಗಳಿಗೆ ತಿಳಿದರೆ ಅದು ಕೆಲಸಕ್ಕೆ ಬಾರದಾದ್ದರಿಂದ ಇಲ್ಲಿ ಬರೆಯುತ್ತಿಲ್ಲ. ಆಟಕ್ಕೆ ಇಪ್ಪತ್ತು ರೂಪಾಯಿ ಶುಲ್ಕವಿಟ್ಟು ಒಂದೇ ತಿಂಗಳಲ್ಲಿ ಕೈಬಿಟ್ಟೆ. ಲಾಭ ಬರುವುದು ಅಡುಗೆಮನೆಯಿಂದ: ಮಳೆಯ ಸಂಜೆಗಳಲ್ಲಿ ಜನ ಇನ್ನೊಂದು ಗಂಟೆ ಕೂರುತ್ತಾರೆ, ಹುರಿದ ಮೀನು, ಚಿಕನ್ ಚಾಪ್ಸ್ ಎಂದು ಏಳೆಂಟು ನೂರರಷ್ಟು ಹೆಚ್ಚಿಗೆ ಬಿಲ್ ಆಗುತ್ತದೆ.

ಈಗಿರುವುದು ಮೂರನೆಯ ಕತ್ತಾಳೆ ಬೋರ್ಡ್. ಇಪ್ಪತ್ತರ ಜಾಗ ಸವೆಯದಂತೆ ಪ್ರತಿ ಸೋಮವಾರ ಅಂಕಿಗಳ ಉಂಗುರವನ್ನು ಬಿಚ್ಚಿ, ಬೋರ್ಡನ್ನು ಎರಡು ಮನೆ ತಿರುಗಿಸಿ ಮತ್ತೆ ಕೂರಿಸುತ್ತೇನೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಾಗಿಲು ಹಾಕಿದ ಮೇಲೆ ಅದನ್ನು ಇಳಿಸಿ ಕೌಂಟರಿನ ಹಿಂದಿನ ಒಣ ಕಪಾಟಿನಲ್ಲಿ ಇಡುತ್ತೇನೆ.